ಲ್ಯಾನ್ ಪೋರ್ಟ್ ಮಾತ್ರ ಇರುವ ಡೆಸ್ಕ್‌ಟಾಪ್‌ಗೆ ಮನೆಯ ವೈಫೈ: ಯಾವ ಮನೆಗೆ ಯಾವ ದಾರಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಫೈಬರ್ ಪೆಟ್ಟಿಗೆ ಸಾಮಾನ್ಯವಾಗಿ ಪಡಸಾಲೆಯಲ್ಲೇ ಕೂಡುತ್ತದೆ. ಕೇಬಲ್ ಎಳೆಯಲು ಬಂದವರಿಗೆ ಬೀದಿಯ ಕಂಬಕ್ಕೆ ಹತ್ತಿರದ ಗೋಡೆ ಸಿಕ್ಕರೆ ಸಾಕು. ಡೆಸ್ಕ್‌ಟಾಪ್ ಇರುವುದು ಹಿಂದಿನ ಖೋಲಿಯಲ್ಲಿ ಇಲ್ಲವೇ ಮೇಲಿನ ಮಹಡಿಯಲ್ಲಿ. ಅದರ ಬೆನ್ನಿಗೆ ಒಂದು ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಚುಚ್ಚುವ ಕಿಂಡಿ) ಇದೆ, ವೈಫೈ ಇಲ್ಲ. ಮನೆಯ ಮೊಬೈಲುಗಳೆಲ್ಲ ನೆಟ್‌ನಲ್ಲಿವೆ, ಕಂಪ್ಯೂಟರ್ ಮಾತ್ರ ಹೊರಗೆ.

ದಾರಿಗಳು ಹಲವು: ಯುಎಸ್‌ಬಿ ಡೋಂಗಲ್, ಸಿಪಿಯು ಒಳಗೆ ಕೂಡಿಸುವ ಕಾರ್ಡ್, ವೈಫೈ ಹಿಡಿದು ಮುಂದಕ್ಕೆ ದಾಟಿಸುವ, ಲ್ಯಾನ್ ಪೋರ್ಟ್ ಇರುವ ರಿಪೀಟರ್, ಮೂಲೆಯಲ್ಲಿ ಬಿದ್ದ ಹಳೇ ರೂಟರ್, ನೇರ ಕೇಬಲ್, ಕರೆಂಟ್ ವೈರಿನ ಮೂಲಕ ನೆಟ್ ಸಾಗಿಸುವ ಜೋಡಿ ಪೆಟ್ಟಿಗೆ. ಅಂಗಡಿಯಲ್ಲಿ ಕೇಳಿದರೆ ಮೊದಲು ಕೈಗೆ ಬರುವುದು ಉಗುರಿನಷ್ಟು ದೊಡ್ಡ ಡೋಂಗಲ್. ಕೆಲವು ಮನೆಗಳಿಗೆ ಅದೇ ಸಾಕು. ಉಳಿದ ಕಡೆ ಅದು ಸೋಲುವುದು ಬಹುಪಾಲು ಅದನ್ನು ಚುಚ್ಚಿದ ಜಾಗದಿಂದ: ತಗಡಿನ ಸಿಪಿಯು ಬೆನ್ನಿಗೆ, ಟೇಬಲ್ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ಗೋಡೆಗೆ ಮುಖ ಮಾಡಿ ಅದು ಕೂತಿರುತ್ತದೆ. ಆದ್ದರಿಂದ ಸಿಗ್ನಲ್ ಹಿಡಿಯುವ ರೇಡಿಯೊ ಮನೆಯಲ್ಲಿ ಎಲ್ಲಿ ಕೂಡಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಯಾವ ಸಾಮಾನು ಕೊಳ್ಳಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಕೊಳ್ಳುವ ಮುಂಚೆ ಅಳೆಯಿರಿ

ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಅದು ಸಿಗ್ನಲ್ ಬಲವನ್ನು ಡಿಬಿಎಂ ಲೆಕ್ಕದಲ್ಲಿ, ಮೈನಸ್ ಅಂಕಿಯಾಗಿ ತೋರಿಸುತ್ತದೆ. ಫೋನನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿದರೆ ಪ್ರಯೋಜನವಿಲ್ಲ. ಸಿಪಿಯು ಹಿಂದೆ, ಡೋಂಗಲ್ ಕೂಡುವ ಜಾಗದಲ್ಲೇ ಇಟ್ಟು ಒಂದು ನಿಮಿಷ ಬಿಡಿ. ನಂತರ ಟೇಬಲ್ ಮೇಲೆ, ಆಮೇಲೆ ಬಾಗಿಲ ಚೌಕಟ್ಟಿನ ಎತ್ತರದಲ್ಲಿ, ಕೊನೆಗೆ ಖೋಲಿಯ ಹೊರಗೆ ರೂಟರ್ ಕಡೆಯ ಗೋಡೆಯ ಹತ್ತಿರ. ನಾಲ್ಕೂ ಅಂಕಿ ಬರೆದುಕೊಳ್ಳಿ. ಅಕ್ಕಪಕ್ಕದವರ ವೈಫೈ ಎಲ್ಲ ಓಡುವ ರಾತ್ರಿ ಎಂಟರ ಹೊತ್ತಿಗೆ ಅಳೆದರೆ ನಿಜವಾದ ಸ್ಥಿತಿ ಗೊತ್ತಾಗುತ್ತದೆ.

ಮೈನಸ್ 60ಕ್ಕಿಂತ ಮೇಲೆ, ಅಂದರೆ ಮೈನಸ್ 45, 50, 55 ಬಂದರೆ ಯಾವ ದಾರಿ ಹಿಡಿದರೂ ನಡೆಯುತ್ತದೆ, ಅಗ್ಗದ್ದನ್ನೇ ಕೊಳ್ಳಿ. 60ರಿಂದ 70ರ ನಡುವೆ ಇದ್ದರೆ ಆಂಟೆನಾ ಇರುವ ಸಾಮಾನು ಬೇಕು, ಅದನ್ನು ಸಿಪಿಯುದಿಂದ ದೂರ ಇಡಲೂ ಬೇಕು. 70ಕ್ಕಿಂತ ಕೆಳಗೆ ಇಳಿದರೆ ಆ ಖೋಲಿಯಲ್ಲಿ ರೇಡಿಯೊ ಇಡುವ ಆಸೆ ಬಿಡಿ. ಸಿಗ್ನಲ್ ಇರುವ ಜಾಗದಲ್ಲಿ ರೇಡಿಯೊ ಇಟ್ಟು, ಅಲ್ಲಿಂದ ಕಂಪ್ಯೂಟರ್‌ಗೆ ಕೇಬಲ್ ತರಬೇಕು. ಈ ಅಂಕಿಗಳ ಅಂತರ ಕಾಣುವುದಕ್ಕಿಂತ ದೊಡ್ಡದು. 3 ಡಿಬಿ ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ಸಿಪಿಯು ಹಿಂದೆ ಮೈನಸ್ 72, ಟೇಬಲ್ ಮೇಲೆ ಮೈನಸ್ 62 ಬಂದಿದ್ದರೆ, ಆ ಎರಡು ಅಡಿಯ ಅಂತರದಲ್ಲೇ ಹತ್ತು ಪಟ್ಟು ವ್ಯತ್ಯಾಸವಿದೆ.

ರೂಟರ್ ಹರಡುವ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳನ್ನೂ (ಅಲೆಯ ಪಟ್ಟಿಗಳನ್ನೂ) ಬೇರೆಬೇರೆಯಾಗಿ ನೋಡಿ. 5 ವೇಗದ್ದು, ಆದರೆ ಗೋಡೆಗೆ ಸೋಲುತ್ತದೆ. ಧಾರವಾಡ, ಗದಗಿನ ಹಳೇ ಮನೆಗಳ ಒಂದೂವರೆ-ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ಎರಡು ಅಡ್ಡ ಬಂದರೆ 5 ಗಿಗಾಹರ್ಟ್ಸ್ ಅಲ್ಲಿಗೇ ಮುಗಿಯುತ್ತದೆ. ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವ ಹಿಡಿದರೆ 2.4 ಕೂಡ ಇನ್ನಷ್ಟು ಕುಗ್ಗುತ್ತದೆ. ಹೊಸ ಮನೆಗಳ ಇಟ್ಟಿಗೆ ಗೋಡೆ ಅಷ್ಟು ಕಾಡುವುದಿಲ್ಲ, ಆರ್‌ಸಿಸಿ ಸ್ಲ್ಯಾಬಿನ ಕಬ್ಬಿಣದ ಜಾಲರಿ ಕಾಡುತ್ತದೆ. ಉಕ್ಕಿನ ಕಪಾಟು, ತಗಡಿನ ಶೀಟು, ಕನ್ನಡಿ ಅಡ್ಡ ಬಂದರೂ ಹಾಗೆಯೇ. ನಮ್ಮ ಕಡೆ ಮರೆಯಬಾರದ ಇನ್ನೊಂದು ತಡೆ ನೀರು. ಹುಬ್ಬಳ್ಳಿಯಲ್ಲಿ ಬಹಳ ಕಡೆ ನಳದ ನೀರು ದಿನವೂ ಬಾರದ್ದರಿಂದ ಮನೆಯೊಳಗೇ ಬ್ಯಾರೆಲ್ಲು, ಡ್ರಮ್ಮು ತುಂಬಿಡುತ್ತಾರೆ. ರೂಟರ್‌ಗೂ ಕಂಪ್ಯೂಟರ್‌ಗೂ ನಡುವೆ ತುಂಬಿದ ಬ್ಯಾರೆಲ್ ಇದ್ದರೆ ನೀರು ರೇಡಿಯೊ ಅಲೆಯನ್ನು ಹೀರಿಕೊಳ್ಳುತ್ತದೆ. ನೀರು ಖಾಲಿಯಾದ ದಿನ ನೆಟ್ ಸರಿಯಾಗಿ, ತುಂಬಿದ ದಿನ ಕೆಟ್ಟರೆ ಕಾರಣ ಅಲ್ಲಿದೆ.

ಅಳತೆಯ ಜೊತೆಗೆ ಕಂಪ್ಯೂಟರ್‌ನಲ್ಲಿ ನಾಲ್ಕು ವಿಷಯ ನೋಡಿಕೊಳ್ಳಿ: ಯಾವ ವಿಂಡೋಸ್ ಅಥವಾ ಲಿನಕ್ಸ್ ಇದೆ, ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್ ಇದೆಯೇ. ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದೆಯೇ. ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದೋ 1000ದ್ದೋ. ನಿಮ್ಮ ಪ್ಲ್ಯಾನ್ ಎಷ್ಟು ವೇಗದ್ದು ಎಂಬುದೂ ತಿಳಿದಿರಲಿ. ಪ್ಲ್ಯಾನ್ 40 ಎಂಬಿಪಿಎಸ್‌ನದಾಗಿದ್ದರೆ 1300 ಎಂದು ಬರೆದ ಡೋಂಗಲ್‌ಗೆ ಹಣ ಹಾಕಿ ಲಾಭವಿಲ್ಲ.

ಯುಎಸ್‌ಬಿ ಡೋಂಗಲ್

ಇದು ಅಗ್ಗ, ಕೂಡಲೇ ಸಿಗುತ್ತದೆ, ಸ್ಕ್ರೂಡ್ರೈವರ್ ಬೇಡ. ಉಗುರಿನ ಗಾತ್ರದ, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಡೋಂಗಲ್‌ಗೆ ಸುಮಾರು 500 ರೂಪಾಯಿ, ಎರಡೂ ಬ್ಯಾಂಡ್ ಹಿಡಿಯುವ, ಉದ್ದ ಆಂಟೆನಾ ಇರುವುದಕ್ಕೆ ಸುಮಾರು 1000 ಎಂದು ಲೆಕ್ಕ ಇಟ್ಟುಕೊಳ್ಳಿ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದುವ ಕ್ರಮ ತಿಳಿದಿರಬೇಕು. ಎಸಿ600 ಎಂದರೆ 5 ಗಿಗಾಹರ್ಟ್ಸ್‌ನ 433 ಮತ್ತು 2.4 ಗಿಗಾಹರ್ಟ್ಸ್‌ನ 150 ಕೂಡಿಸಿ, ಮೇಲಕ್ಕೆ ಸರಿಹೊಂದಿಸಿ ಹೇಳಿದ ಸಂಖ್ಯೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ಯಾವುದಾದರೂ ಒಂದರಲ್ಲಿ ಮಾತ್ರ ಡೋಂಗಲ್ ಕೂಡಿಕೊಳ್ಳುತ್ತದೆ. 2.4ರ 150 ಕೂಡ ಅಗಲವಾದ 40 ಮೆಗಾಹರ್ಟ್ಸ್ ಚಾನೆಲ್ ಸಿಕ್ಕಾಗಿನ ಮಾತು. ಅಕ್ಕಪಕ್ಕ ವೈಫೈ ತುಂಬಿದ ಓಣಿಯಲ್ಲಿ ರೂಟರ್ 20 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಆಗ ಸಂಪರ್ಕದ ವೇಗ 72. ಅದರಲ್ಲಿ ಡೌನ್‌ಲೋಡ್‌ಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಬರೀ ಪಾಠದ ವಿಡಿಯೊ ನೋಡಲು, ಅರ್ಜಿ ತುಂಬಲು ಅಷ್ಟು ಸಾಕು, ಆದರೆ ಸಿಗ್ನಲ್ ಗಟ್ಟಿ ಇರಬೇಕು.

ಡೋಂಗಲ್ ಕೊಳ್ಳುವಾಗ ಅದರ ಜೊತೆಗೇ ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಕೊಳ್ಳಿ. ಇಡೀ ಖರೀದಿಯಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಸಾಮಾನು ಇದು. ಡೋಂಗಲ್‌ನ್ನು ಟೇಬಲ್ ಮೇಲಕ್ಕೆ, ಮಾನಿಟರ್ ಪಕ್ಕಕ್ಕೆ ತಂದರೆ ಆಗುವ ಲಾಭವನ್ನು ಮೇಲಿನ ಅಳತೆಯೇ ಹೇಳುತ್ತದೆ. ಎರಡನೇ ಕಾರಣ ಯುಎಸ್‌ಬಿ 3.0 ಪೋರ್ಟಿನದು. ಆ ಪೋರ್ಟು, ಅದಕ್ಕೆ ಚುಚ್ಚಿದ ಹಾರ್ಡ್‌ಡಿಸ್ಕ್ ಕೇಬಲ್ಲು ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಲೇ ರೇಡಿಯೊ ಗದ್ದಲ ಹೊರಡಿಸುತ್ತವೆ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಡತ ನಕಲು ಮಾಡುವಾಗಲೇ ವೈಫೈ ಕಡಿದುಹೋಗುತ್ತಿದ್ದರೆ ಈ ಗದ್ದಲವೇ ಕಾರಣ. 2.4 ಮಾತ್ರ ಹಿಡಿಯುವ ಡೋಂಗಲ್‌ನ್ನು ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟಿಗೆ ಹಾಕಿ, ನೀಲಿ ಪೋರ್ಟಿನಿಂದ ದೂರ ಇಡಿ. ಸಿಪಿಯು ಮುಂಭಾಗದ ಪೋರ್ಟಿಗಿಂತ ಹಿಂಭಾಗದ್ದು ಒಳ್ಳೆಯದು, ಏಕೆಂದರೆ ಅದು ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮುಂಭಾಗದ್ದಕ್ಕೆ ಒಳಗಿನ ತೆಳು ವೈರಿನಿಂದ ಕರೆಂಟ್ ಬರುತ್ತದೆ, ಹಳೇ ಕ್ಯಾಬಿನೆಟ್‌ಗಳಲ್ಲಿ ಡೋಂಗಲ್‌ಗೆ ಬೇಕಾದಷ್ಟು ತಲುಪುವುದಿಲ್ಲ.

ಡ್ರೈವರ್ ಇನ್ನೊಂದು ತೊಡಕು. ಪೆಟ್ಟಿಗೆಯಲ್ಲಿ ಸಿಡಿ ಇರುತ್ತದೆ, ಕಂಪ್ಯೂಟರ್‌ನಲ್ಲಿ ಸಿಡಿ ಡ್ರೈವ್ ಇರುವುದಿಲ್ಲ. ನೆಟ್‌ನಿಂದ ಇಳಿಸಿಕೊಳ್ಳೋಣವೆಂದರೆ ನೆಟ್ ಇಲ್ಲದ್ದೇ ಸಮಸ್ಯೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್ 7ರಿಂದ ಈಚಿನ ಎಲ್ಲ ವಿಂಡೋಸ್‌ಗಳೂ, ಲಿನಕ್ಸ್ ಕೂಡ ಅದನ್ನು ನೆಟ್‌ವರ್ಕ್ ಕಾರ್ಡ್ ಎಂದೇ ಗುರುತಿಸುತ್ತವೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಬಹುತೇಕ ಆಂಡ್ರಾಯ್ಡ್ ಫೋನುಗಳು ಅದೇ ವೈಫೈಯನ್ನು ಕೇಬಲ್ ಮೂಲಕ ದಾಟಿಸುತ್ತವೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಐಫೋನ್ ಹೀಗೆ ವೈಫೈ ದಾಟಿಸುವುದಿಲ್ಲ, ಮೊಬೈಲ್ ಡೇಟಾ ಮಾತ್ರ ಕೊಡುತ್ತದೆ. ಚಾರ್ಜಿಂಗ್‌ಗೆ ಮಾತ್ರ ಆಗುವ ಅಗ್ಗದ ಕೇಬಲ್ ಇದ್ದರೆ ಟೆದರಿಂಗ್ ಗುಂಡಿ ಒತ್ತಲಿಕ್ಕೇ ಬರುವುದಿಲ್ಲ. ಕೇಬಲ್ ಬದಲಿಸಿ ನೋಡಿ. ನಾಳೆಯೇ ಆನ್‌ಲೈನ್ ಅರ್ಜಿಯ ಕೊನೆಯ ದಿನ ಎಂಬಂಥ ಹೊತ್ತಿಗೆ ಈ ಉಪಾಯವೇ ಸಾಕು, ಏನೂ ಕೊಳ್ಳಬೇಕಾಗಿಲ್ಲ. ದಿನವೂ ಇದನ್ನೇ ನೆಚ್ಚಿದರೆ ಫೋನ್ ಸದಾ ಚಾರ್ಜಿಗೆ ಬಿದ್ದಿರುತ್ತದೆ, ಬಿಸಿಯಾಗಿ ಬ್ಯಾಟರಿ ಬೇಗ ಸೋಲುತ್ತದೆ.

ಲಿನಕ್ಸ್ ಬಳಸುವವರು ಡೋಂಗಲ್‌ನ ಹೆಸರಿಗಿಂತ ಅದರ ಒಳಗಿನ ಚಿಪ್ ನೋಡಬೇಕು. ಮೀಡಿಯಾಟೆಕ್‌ನ ಎಂಟಿ7610ಯು, ಎಂಟಿ7612ಯು, ಎಂಟಿ7921ಎಯು ಚಿಪ್‌ಗಳಿಗೆ ಡ್ರೈವರ್ ಕರ್ನಲ್ ಒಳಗೇ ಇದೆ, ಚುಚ್ಚಿದರೆ ಸಾಕು. ರಿಯಲ್‌ಟೆಕ್‌ನ ಹಲವು ಚಿಪ್‌ಗಳಿಗೆ ಹಳೇ ಕರ್ನಲ್‌ಗಳಲ್ಲಿ ಡ್ರೈವರ್ ಹೊರಗಿನಿಂದ ತಂದು ಕಟ್ಟಬೇಕು, ಕರ್ನಲ್ ಅಪ್‌ಡೇಟ್ ಆದಾಗ ಅದು ಮುರಿದುಬೀಳುವುದೂ ಉಂಟು. ಒಂದೇ ಮಾದರಿ ಹೆಸರಿನ ಡೋಂಗಲ್‌ನ ಬೇರೆಬೇರೆ ಆವೃತ್ತಿಗಳಲ್ಲಿ ಬೇರೆ ಚಿಪ್ ಇರಬಹುದು, ಕೆಳಗಿನ ಚೀಟಿಯಲ್ಲಿ ಆವೃತ್ತಿ ಸಂಖ್ಯೆ ಓದಿಕೊಳ್ಳಿ.

ಹಚ್ಚಿದ ಮೇಲೆ ಬರುವ ತಕರಾರುಗಳೂ ಗೊತ್ತಿರುವಂಥವೇ. ಮೊಬೈಲ್‌ಗೆ ಕಾಣುವ ವೈಫೈ ಹೆಸರು ಡೋಂಗಲ್‌ಗೆ ಕಾಣದಿದ್ದರೆ ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿರಬಹುದು, ಇಲ್ಲವೇ 5 ಗಿಗಾಹರ್ಟ್ಸ್‌ನ 52ರಿಂದ 144ರ ನಡುವಿನ ಚಾನೆಲ್‌ನಲ್ಲಿರಬಹುದು. ಕೆಲವು ಡೋಂಗಲ್‌ಗಳು ಅವನ್ನು ಹುಡುಕುವುದೇ ಇಲ್ಲ. 2.4ರಲ್ಲಿ 1, 6, 11ರಲ್ಲಿ ಒಂದನ್ನು, 5ರಲ್ಲಿ 36 ಅಥವಾ 149ನ್ನು ರೂಟರ್‌ನಲ್ಲಿ ಖಾಯಂ ಮಾಡಿ. ಹೆಸರು ಕಂಡರೂ ಪಾಸ್‌ವರ್ಡ್ ಒಪ್ಪದಿದ್ದರೆ ರೂಟರ್‌ನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿರಬಹುದು, ಅದನ್ನು ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರಕ್ಕೆ ತನ್ನಿ. ಕಂಪ್ಯೂಟರ್ ಸುಮ್ಮನಿದ್ದು ಎಚ್ಚರವಾದಾಗಲೆಲ್ಲ ನೆಟ್ ಹೋಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡೋಂಗಲ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು, ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಚೌಕದ ಗುರುತು ತೆಗೆಯಿರಿ.

ಸಿಪಿಯು ಒಳಗಿನ ಕಾರ್ಡ್

ಕಂಪ್ಯೂಟರ್ ನಿಮ್ಮದೇ, ಇನ್ನೂ ನಾಲ್ಕೈದು ವರ್ಷ ಓಡುವಂಥದ್ದು, ಸಿಗ್ನಲ್ ಮೈನಸ್ 65ಕ್ಕಿಂತ ಚೆನ್ನಾಗಿ, ಪ್ಲ್ಯಾನ್ 200 ಎಂಬಿಪಿಎಸ್ ಮೇಲೆ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಒಳ್ಳೆಯ ಆಯ್ಕೆ. ಎರಡು ಆಂಟೆನಾ, ಸ್ಥಿರ ಡ್ರೈವರ್, ಬ್ಲೂಟೂತ್ ಕೂಡ ಬರುತ್ತದೆ. ಆದರೆ ಬ್ಲೂಟೂತ್ ಕೆಲಸ ಮಾಡಬೇಕಾದರೆ ಕಾರ್ಡಿನಿಂದ ಹೊರಡುವ ಸಣ್ಣ ವೈರನ್ನು ಮದರ್‌ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ ಹೆಡರ್‌ಗೆ ಚುಚ್ಚಬೇಕು. ಇದನ್ನು ಮರೆತು ಕಾರ್ಡ್ ಕೆಟ್ಟಿದೆ ಎಂದು ವಾಪಸು ಕೊಡುವವರು ಬಹಳ.

ಮೋಸ ಹೋಗುವ ಜಾಗ ಮೂರು. ತೀರ ಹಳೇ ಬೋರ್ಡಿನ ಬಿಳಿ ಉದ್ದನೆಯ ಪಿಸಿಐ ಸ್ಲಾಟ್‌ಗೂ ಪಿಸಿಐ ಎಕ್ಸ್‌ಪ್ರೆಸ್‌ಗೂ ಹೊಂದಿಕೆ ಇಲ್ಲ. ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಸ್ಲಿಮ್ ಸಿಪಿಯುಗಳಲ್ಲಿ ಅರ್ಧ ಎತ್ತರದ ಪಟ್ಟಿಯೇ ಬೇಕು, ಕಾರ್ಡಿನ ಪೆಟ್ಟಿಗೆಯಲ್ಲಿ ಆ ಗಿಡ್ಡ ಪಟ್ಟಿ ಇದೆಯೇ ನೋಡಿ. ಮೂರನೆಯದು, ಇಂಟೆಲ್ ಎಎಕ್ಸ್201, ಎಎಕ್ಸ್211 ಎಂಬ ಬಿಡಿ ಮಾಡ್ಯೂಲ್‌ಗಳು ಇಂಟೆಲ್‌ನ ಕೆಲವೇ ಪ್ರೊಸೆಸರ್-ಬೋರ್ಡ್ ಜೋಡಿಗಳಲ್ಲಿ ಓಡುತ್ತವೆ. ಎಲ್ಲ ಕಡೆ ನಡೆಯುವುದು ಎಎಕ್ಸ್200, ಎಎಕ್ಸ್210.

ಕಾರ್ಡಿನ ಆಂಟೆನಾ ಸಿಪಿಯು ಬೆನ್ನಿಗೇ ತಿರುಗಿಸಿ ಹಾಕುವಂಥದ್ದಾದರೆ ಡೋಂಗಲ್‌ನ ಕಷ್ಟವೇ ಇದಕ್ಕೂ. ವೈರಿನ ತುದಿಯಲ್ಲಿ ಮ್ಯಾಗ್ನೆಟ್ ಪೀಠದ ಆಂಟೆನಾ ಇರುವ ಕಾರ್ಡ್ ಆರಿಸಿ, ಅದನ್ನು ಟೇಬಲ್ ಮೇಲೆ ಇಡಿ.

ಲ್ಯಾನ್ ಪೋರ್ಟನ್ನೇ ಬಳಸುವ ದಾರಿ: ರಿಪೀಟರ್, ಹಳೇ ರೂಟರ್

ಕಂಪ್ಯೂಟರ್‌ಗೆ ವೈಫೈ ಇಲ್ಲ ಎಂಬುದನ್ನು ಕೊರತೆ ಎಂದು ನೋಡುತ್ತೇವೆ, ಆದರೆ ಲ್ಯಾನ್ ಪೋರ್ಟ್ ಇದೆ ಎಂಬುದು ದೊಡ್ಡ ಅನುಕೂಲ. ಗೋಡೆಗೆ ಚುಚ್ಚುವ ರಿಪೀಟರ್‌ಗಳಲ್ಲಿ ಕೆಲವಕ್ಕೆ ಕೆಳಗೆ ಒಂದು ಲ್ಯಾನ್ ಪೋರ್ಟ್ ಇರುತ್ತದೆ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎ850ಆರ್‌ಇ, ಆರ್‌ಇ200, ಆರ್‌ಇ305 ಇಂಥವು. ರಿಪೀಟರ್ ಗಾಳಿಯಿಂದ ಸಿಗ್ನಲ್ ಹಿಡಿದು ಆ ಪೋರ್ಟಿನಿಂದ ಕಂಪ್ಯೂಟರ್‌ಗೆ ಕೊಡುತ್ತದೆ. ಕಂಪ್ಯೂಟರ್‌ಗೆ ತಾನು ರೂಟರ್‌ಗೇ ಕೇಬಲ್ ಹಾಕಿಕೊಂಡಿದ್ದೇನೆ ಎಂದೇ ಕಾಣುತ್ತದೆ. ಡ್ರೈವರ್ ಬೇಡ. ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್ನೂ ಓಡುತ್ತಿರುವ ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿಯ ಡಿವಿಆರ್, ಲ್ಯಾನ್ ಪೋರ್ಟಿನ ಪ್ರಿಂಟರ್, ಹಳೇ ಟಿವಿ ಹೀಗೆ ಡೋಂಗಲ್ ಹಾಕಲಿಕ್ಕೆ ಬಾರದ ಅಥವಾ ಅದಕ್ಕೆ ಡ್ರೈವರ್ ಸಿಗುವುದು ಕಷ್ಟವಾದ ಎಲ್ಲದಕ್ಕೂ ಇದೇ ದಾರಿ.

ದೊಡ್ಡ ಲಾಭವೆಂದರೆ ರೇಡಿಯೊ ಮತ್ತು ಕಂಪ್ಯೂಟರ್ ಒಂದೇ ಕಡೆ ಇರಬೇಕಾಗಿಲ್ಲ. ಖೋಲಿಯ ಬಾಗಿಲ ಹೊರಗಿನ ಪ್ಲಗ್‌ನಲ್ಲಿ ಮೈನಸ್ 58 ಬರುತ್ತಿದ್ದರೆ ರಿಪೀಟರ್ ಅಲ್ಲಿರಲಿ, 5 ಅಥವಾ 10 ಮೀಟರ್ ಲ್ಯಾನ್ ಕೇಬಲ್ ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಒಳಗೆ ಬರಲಿ. ದಪ್ಪ ಗೋಡೆಯನ್ನು ದಾಟುವ ಕೆಲಸ ಕೇಬಲ್ ಮಾಡುತ್ತದೆ. ಯುಎಸ್‌ಬಿ ಕೇಬಲ್‌ನಿಂದ ಇಷ್ಟು ದೂರ ಹೋಗಲಾಗದು.

ರಿಪೀಟರ್ ಹಾಕಿದರೆ ವೇಗ ಅರ್ಧವಾಗುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಒಂದೇ ಬ್ಯಾಂಡಿನಲ್ಲಿ ಗಾಳಿಯಿಂದ ಹಿಡಿದು ಮತ್ತೆ ಗಾಳಿಗೇ ಬಿಡುವಾಗ ಅದು ನಿಜ, ಒಂದೇ ಮಾತನ್ನು ಎರಡು ಸಲ ಆಡಬೇಕಾಗುತ್ತದೆ. ಲ್ಯಾನ್ ಪೋರ್ಟಿನಿಂದ ಹೊರಬರುವ ನೆಟ್‌ಗೆ ಈ ನಷ್ಟ ಇಲ್ಲ. ಇಲ್ಲಿನ ಮಿತಿ ಬೇರೆ: ಮೇಲೆ ಹೇಳಿದ ಮೂರೂ ಮಾದರಿಗಳ ಪೋರ್ಟ್ 100 ಎಂಬಿಪಿಎಸ್‌ನದು. ಪ್ಲ್ಯಾನ್ ಅದಕ್ಕಿಂತ ದೊಡ್ಡದಿದ್ದರೆ ಗಿಗಾಬಿಟ್ ಪೋರ್ಟ್ ಇರುವುದನ್ನೇ ಕೇಳಿ ಕೊಳ್ಳಿ.

ಕೂಡಿಸುವ ಕ್ರಮ:

1. ಮೊದಲು ರಿಪೀಟರನ್ನು ರೂಟರ್ ಇರುವ ಖೋಲಿಯಲ್ಲೇ ಚುಚ್ಚಿ. ದೂರದಲ್ಲಿಟ್ಟು ಸೆಟಪ್ ಮಾಡಲು ಹೋದರೆ ಅರ್ಧದಲ್ಲಿ ಸಂಪರ್ಕ ಕಡಿದು ಗೊಂದಲವಾಗುತ್ತದೆ.

2. ಅದರ ಹೆಸರಿನ ವೈಫೈಗೆ ಫೋನ್ ಸೇರಿಸಿ, ಬೆನ್ನಿನ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಮೊಬೈಲ್ ಡೇಟಾ ಆಫ್ ಇರಲಿ, ಇಲ್ಲದಿದ್ದರೆ ಪುಟ ತೆರೆಯುವುದಿಲ್ಲ.

3. ಮನೆಯ ವೈಫೈ ಹೆಸರು ಆರಿಸಿ. ಎರಡು ಬ್ಯಾಂಡ್ ಇದ್ದರೆ, ರಿಪೀಟರ್ ಕೊನೆಗೆ ಕೂಡುವ ಜಾಗದಲ್ಲಿ ಯಾವುದರ ಅಂಕಿ ಚೆನ್ನಾಗಿತ್ತೋ ಅದನ್ನು ಆರಿಸಿ. ಪಾಸ್‌ವರ್ಡ್‌ನ ದೊಡ್ಡ-ಸಣ್ಣ ಅಕ್ಷರ ಸರಿಯಾಗಿರಲಿ.

4. ಸಂಪರ್ಕದ ದೀಪ ಹತ್ತಿದ ಮೇಲೆ ಕಿತ್ತು, ಆರಿಸಿದ ಜಾಗಕ್ಕೆ ಒಯ್ಯಿರಿ. ಲ್ಯಾನ್ ಕೇಬಲ್ ಹಾಕಿ. ಕಂಪ್ಯೂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರದ ಗುರುತಿನ ಅಂಕಿ) ತಾನಾಗಿ ಪಡೆಯುವಂತೆ ಇರಬೇಕು. ಹಿಂದೆ ಯಾರೋ ಕೈಯಿಂದ ಬರೆದಿಟ್ಟ ವಿಳಾಸ ಉಳಿದಿದ್ದರೆ ತೆಗೆಯಿರಿ.

5. ಆ ಭಾಗದಲ್ಲಿ ಫೋನ್‌ಗೆ ವೈಫೈ ಬೇಡವಾಗಿದ್ದರೆ, ಮತ್ತು ಮಾದರಿಯಲ್ಲಿ ಸೌಲಭ್ಯವಿದ್ದರೆ, ರಿಪೀಟರ್ ತಾನು ಹರಡುವ ವೈಫೈಯನ್ನು ಬಂದ್ ಮಾಡಿ. ಗಾಳಿಯಲ್ಲಿ ಗದ್ದಲ ಅಷ್ಟು ಕಡಿಮೆ.

ಹಳೇ ರೂಟರ್ ಮನೆಯಲ್ಲೇ ಇದ್ದರೆ ಖರ್ಚಿಲ್ಲದೆ ಇದೇ ಕೆಲಸ ಆಗಬಹುದು. ಆಗಬಹುದು ಎನ್ನಲು ಕಾರಣ, ಎಲ್ಲ ರೂಟರ್‌ಗಳೂ ಇದನ್ನು ಬಲ್ಲವಲ್ಲ. ಸೆಟ್ಟಿಂಗ್ ಪುಟದಲ್ಲಿ ಆಪರೇಶನ್ ಮೋಡ್ ಎಂಬ ಕಡೆ ಕ್ಲೈಂಟ್, ರೇಂಜ್ ಎಕ್ಸ್‌ಟೆಂಡರ್ ಅಥವಾ ಡಬ್ಲ್ಯುಐಎಸ್‌ಪಿ ಎಂಬ ಆಯ್ಕೆ ಇರಬೇಕು. ಟೆಲಿಫೋನ್ ತಂತಿಯ ಕಾಲದ ಎಡಿಎಸ್‌ಎಲ್ ಮೋಡೆಮ್‌ಗಳಲ್ಲಿ, ಇಂಟರ್ನೆಟ್ ಕಂಪನಿಗಳು ಕೊಟ್ಟ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

ಕ್ಲೈಂಟ್ ಮತ್ತು ಡಬ್ಲ್ಯುಐಎಸ್‌ಪಿ ನಡುವಿನ ವ್ಯತ್ಯಾಸ ತಿಳಿದಿರಬೇಕು, ಮನೆಯಲ್ಲಿ ಪ್ರಿಂಟರ್ ಇರುವವರಿಗಂತೂ. ಕ್ಲೈಂಟ್‌ನಲ್ಲಿ ಕಂಪ್ಯೂಟರ್ ಮನೆಯ ನೆಟ್‌ವರ್ಕ್‌ನ ಒಳಗೇ ಬರುತ್ತದೆ. ಹಳೇ ರೂಟರ್‌ನ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಬಂದ್ ಮಾಡಿ, ಅದರ ವಿಳಾಸ ಬದಲಿಸಬೇಕು: ಮುಖ್ಯ ರೂಟರ್ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.250 ಕೊಡಿ. ಡಬ್ಲ್ಯುಐಎಸ್‌ಪಿಯಲ್ಲಿ ಹಳೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟುತ್ತದೆ. ಆಗ ಅದರ ವಿಳಾಸದ ಸಾಲೇ ಬೇರೆ ಇರಬೇಕು, 192.168.5.1 ಎಂಬಂತೆ. ಎರಡಕ್ಕೂ 192.168.1 ಸಾಲೇ ಇದ್ದರೆ ಸಿಗ್ನಲ್ ದೀಪ ಹತ್ತಿದರೂ ನೆಟ್ ಬರುವುದಿಲ್ಲ. ಡಬ್ಲ್ಯುಐಎಸ್‌ಪಿ ಹಿಂದಿನ ಕಂಪ್ಯೂಟರ್‌ನಲ್ಲಿ ಬ್ರೌಸಿಂಗ್ ಬೇಷಾಗಿ ನಡೆಯುತ್ತದೆ, ಆದರೆ ಮನೆಯ ಪ್ರಿಂಟರ್ ತಾನಾಗಿ ಕಾಣುವುದಿಲ್ಲ, ಐಪಿ ವಿಳಾಸ ಕೊಟ್ಟು ಸೇರಿಸಬೇಕು. ಆ ಕಂಪ್ಯೂಟರ್‌ನ ಹಂಚಿದ ಫೋಲ್ಡರ್ ಬೇರೆ ಕಂಪ್ಯೂಟರ್‌ಗಳಿಂದ ತೆರೆಯುವುದೂ ಇಲ್ಲ.

ರಿಪೀಟರ್ ಹಿಂದೆ ಸಣ್ಣ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಹಾಕಿ ಮೂರ್ನಾಲ್ಕು ಕಂಪ್ಯೂಟರ್ ಜೋಡಿಸುವವರಿಗೆ ಒಂದು ಎಚ್ಚರಿಕೆ. ಸಾಮಾನ್ಯ ವೈಫೈ ಸಂಪರ್ಕದಲ್ಲಿ ಒಂದು ರೇಡಿಯೊಗೆ ಒಂದೇ ಮ್ಯಾಕ್ ವಿಳಾಸದ (ಯಂತ್ರದ ನೆಟ್‌ವರ್ಕ್ ಭಾಗಕ್ಕೆ ತಯಾರಕರು ಕೊಟ್ಟ ಗುರುತಿನ) ಲೆಕ್ಕ. ಹಿಂದಿರುವ ಯಂತ್ರಗಳ ವಿಳಾಸಗಳನ್ನು ರಿಪೀಟರ್ ತನ್ನ ವಿಳಾಸದ ಹೆಸರಿನಲ್ಲೇ ಅದಲುಬದಲು ಮಾಡಿ ಸಾಗಿಸುತ್ತದೆ. ಇಂಟರ್ನೆಟ್‌ಗೆ ಇದು ಸಾಕು. ಮ್ಯಾಕ್ ವಿಳಾಸ ನೋಡಿ ಪರವಾನಗಿ ಕೊಡುವ, ಐಪಿ ಕಾಯ್ದಿರಿಸುವ ವ್ಯವಸ್ಥೆ ಇದ್ದರೆ ತೊಡಕಾಗುತ್ತದೆ.

ಕರೆಂಟ್ ಹೋಗಿ ಬಂದಾಗಲೂ ಒಂದು ತಕರಾರು ಬರುತ್ತದೆ. ಫೈಬರ್ ಪೆಟ್ಟಿಗೆ ಎದ್ದು ನಿಲ್ಲಲು ಎರಡು-ಮೂರು ನಿಮಿಷ ಬೇಕು, ರಿಪೀಟರ್ ಮೊದಲೇ ಎದ್ದಿರುತ್ತದೆ, ಕಂಪ್ಯೂಟರ್ ವಿಳಾಸ ಕೇಳಿ ಸಿಗದೆ 169.254ರಿಂದ ಶುರುವಾಗುವ ವಿಳಾಸ ತಾನೇ ಹಾಕಿಕೊಂಡು ಕೂತಿರುತ್ತದೆ. ಲ್ಯಾನ್ ಕೇಬಲ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿದರೆ ಸರಿಹೋಗುತ್ತದೆ. ಫೈಬರ್ ಪೆಟ್ಟಿಗೆ ಮತ್ತು ರಿಪೀಟರ್ ಎರಡೂ ಇನ್ವರ್ಟರ್ ಲೈನಿನ ಪ್ಲಗ್‌ನಲ್ಲಿದ್ದರೆ ಈ ಗೋಳೇ ಇಲ್ಲ.

ನೇರ ಕೇಬಲ್

ಸ್ವಂತ ಮನೆ, ಕಂಪ್ಯೂಟರ್ ಜಾಗ ಖಾಯಂ, ಗೋಡೆಗೆ ಒಂದು ತೂತು ಹಾಕಲು ಮನೆಯವರ ಒಪ್ಪಿಗೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಕೇಬಲ್ ಹಾಕಿಸಿ. ಗಿಗಾಬಿಟ್ ವೇಗವನ್ನು ಕ್ಯಾಟ್5ಇ ಕೇಬಲ್ 100 ಮೀಟರ್ ತನಕ ಒಯ್ಯುತ್ತದೆ, ಮನೆಗೆ ಬೇಕಾದದ್ದು ಹೆಚ್ಚೆಂದರೆ 20-25 ಮೀಟರ್. ಕ್ಯಾಟ್6 ಸಿಕ್ಕರೆ ಅದನ್ನೇ ತನ್ನಿ.

ಕೇಬಲ್‌ನ ತಾಮ್ರ ಪರೀಕ್ಷಿಸಿ ಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಮಾಲು ಬಹಳ ಬರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ, ನಾಲ್ಕು ಸಲ ಬಗ್ಗಿಸುವಷ್ಟರಲ್ಲಿ ಮುರಿದರೆ ಅದು ಲೇಪದ್ದು. ಎಂಟು ಎಳೆಗಳ ಕ್ರಮ ಎರಡೂ ತುದಿಗೆ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರ್‌ನ ಕ್ಲಿಪ್ ಕೆಳಗೆ, ಕೇಬಲ್ ನಿಮ್ಮ ಕಡೆ ಇದ್ದಾಗ ಎಡದಿಂದ ಎಣಿಸಿ. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂಡುತ್ತದೆ ಎಂಬುದನ್ನು ಮರೆತು ಬಣ್ಣ ಬಣ್ಣ ಜೋಡಿಸಿ ಕ್ರಿಂಪ್ ಮಾಡಿದರೆ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿ ಹತ್ತುತ್ತವೆ, ನೆಟ್ ಮಾತ್ರ ಕುಂಟುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ ವಿಂಡೋಸ್ 100 ಎಂದು ತೋರಿಸಿದರೆ ಒಂದು ಎಳೆ ಸರಿಯಾಗಿ ಕೂತಿಲ್ಲ.

ಕರೆಂಟ್ ವೈರಿನ ಪೈಪಿನಲ್ಲೇ ಲ್ಯಾನ್ ಕೇಬಲ್ ಎಳೆಯಬೇಡಿ. ಬೇರೆ ಕೇಸಿಂಗ್ ಪಟ್ಟಿ ಹಾಕಿ, ನಡುವೆ ಕನಿಷ್ಠ ಅರ್ಧ ಅಡಿ ಬಿಡಿ. ಕೇಬಲ್ ಮಾಳಿಗೆಯ ಮೇಲೆ ಬಿಸಿಲಲ್ಲಿ ಹೋಗುವುದಾದರೆ ಹೊರಾಂಗಣದ ಕಪ್ಪು ಹೊದಿಕೆಯದೇ ಬೇಕು, ಒಳಾಂಗಣದ್ದು ಬಿಸಿಲಿಗೆ ಸೀಳುತ್ತದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗುಡುಗು-ಸಿಡಿಲಿನ ದಿನಗಳಲ್ಲಿ ಹೊರಗೆ ಹಾಯ್ದ ಕೇಬಲ್‌ನ್ನು ಎರಡೂ ಕಡೆ ಕಿತ್ತಿಡಿ. ಹತ್ತಿರ ಬಿದ್ದ ಸಿಡಿಲು ತಂತಿಯಲ್ಲಿ ಹುಟ್ಟಿಸುವ ಕರೆಂಟ್ ಲ್ಯಾನ್ ಪೋರ್ಟನ್ನು, ಕೆಲವೊಮ್ಮೆ ಮದರ್‌ಬೋರ್ಡನ್ನೇ ಸುಡುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಮನೆಯಿಂದ ಹಿತ್ತಿಲಾಚೆಯ ಗೋದಾಮಿಗೆ, ತಾಮ್ರದ ಕೇಬಲ್ ಬೇಡವೇ ಬೇಡ. ಅಲ್ಲಿ ಫೈಬರ್ ಎಳೆಸಿ ಅಥವಾ ವೈಫೈ ಬ್ರಿಡ್ಜ್ ಹಾಕಿ.

ಕರೆಂಟ್ ವೈರಿನ ಮೂಲಕ ನೆಟ್

ಒಂದು ಪೆಟ್ಟಿಗೆ ರೂಟರ್ ಹತ್ತಿರದ ಪ್ಲಗ್‌ಗೆ, ಇನ್ನೊಂದು ಕಂಪ್ಯೂಟರ್ ಹತ್ತಿರದ ಪ್ಲಗ್‌ಗೆ. ಕಲ್ಪನೆ ಸೊಗಸು, ನಮ್ಮ ಮನೆಗಳಿಗೆ ಹೊಂದುವುದು ಕಷ್ಟ. ಎರಡೂ ಪ್ಲಗ್ ಒಂದೇ ಫೇಸಿನಲ್ಲಿರಬೇಕು; ಹೆಸ್ಕಾಂನ ತ್ರೀ ಫೇಸ್ ಮೀಟರ್ ಇರುವ ಮನೆಯಲ್ಲಿ ಕೆಳಗೊಂದು, ಮೇಲೊಂದು ಫೇಸ್ ಹಂಚಿರುತ್ತಾರೆ. ಇನ್ವರ್ಟರ್ ಲೈನ್ ಬೇರೆ. ಸ್ಪೈಕ್ ಗಾರ್ಡ್‌ಗೆ ಚುಚ್ಚಿದರೆ ಅದರ ಫಿಲ್ಟರ್ ಸಿಗ್ನಲ್ ನುಂಗುತ್ತದೆ, ಗೋಡೆಯ ಪ್ಲಗ್‌ಗೇ ಹಾಕಬೇಕು. ಗದಗ-ಬೆಟಗೇರಿಯಲ್ಲಿ ಮನೆಯೊಳಗೇ ಮಗ್ಗದ ಮೋಟರ್ ಓಡುವ ಕಡೆ, ಅಥವಾ ಹಿಟ್ಟಿನ ಗಿರಣಿಗೆ ಅಂಟಿದ ಮನೆಯಲ್ಲಿ, ಮೋಟರ್ ಗದ್ದಲದಿಂದ ವೇಗ ಏರಿಳಿಯುತ್ತದೆ. ವಾಪಸು ಕೊಡುವ ಅವಕಾಶವಿದ್ದರೆ ಮಾತ್ರ ಕೊಂಡು ನೋಡಿ.

ಕೆಲವು ಮನೆಗಳ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಖೋಲಿ, ಪರೀಕ್ಷೆಯ ಓದು, ಮಾಲೀಕರ ರೂಟರ್ ಕೆಳಗಿನ ಮನೆಯಲ್ಲಿ: ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಆರು ತಿಂಗಳಿಗೆ ಖೋಲಿ ಬದಲಾಗಬಹುದು. ಕಿಟಕಿಯ ಹತ್ತಿರ 70ಕ್ಕಿಂತ ಮೇಲೆ ಬಂದರೆ ಉದ್ದ ಆಂಟೆನಾದ ಎರಡು ಬ್ಯಾಂಡಿನ ಡೋಂಗಲ್, ಒಂದು ಮೀಟರ್ ಎಕ್ಸ್‌ಟೆನ್ಶನ್. ಡೋಂಗಲ್ ಕಿಟಕಿ ಕಟ್ಟೆಯ ಮೇಲೆ ಇರಲಿ. ಬಾರದಿದ್ದರೆ ಮೆಟ್ಟಿಲ ಮೇಲಿನ ಪ್ಲಗ್‌ನಲ್ಲಿ ರಿಪೀಟರ್ ಹಾಕಲು ಮಾಲೀಕರನ್ನು ಕೇಳಿ, ನಾಲ್ಕೂ ಖೋಲಿಯವರಿಗೆ ಅನುಕೂಲ.

ಗದಗಿನ ಮುದ್ರಣಾಲಯದಲ್ಲಿ ಹಳೇ ಪುಟವಿನ್ಯಾಸದ ತಂತ್ರಾಂಶಕ್ಕಾಗಿ ಉಳಿಸಿಕೊಂಡ ವಿಂಡೋಸ್ ಎಕ್ಸ್‌ಪಿ ಯಂತ್ರ: ಹೊಸ ಡೋಂಗಲ್‌ಗಳಿಗೆ ಬಹುಪಾಲು ಡ್ರೈವರ್ ಸಿಗುವುದಿಲ್ಲ, ರಿಪೀಟರ್‌ನ ಲ್ಯಾನ್ ಪೋರ್ಟೇ ಸುಲಭದ ದಾರಿ. ಎಕ್ಸ್‌ಪಿ, ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಂತು ವರ್ಷಗಳಾದವು, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಕ್ತಾಯವಾಯಿತು. ಅಂಥ ಯಂತ್ರದಿಂದ ಬ್ಯಾಂಕ್ ವ್ಯವಹಾರ ಮಾಡಬೇಡಿ. ಮನೆಯೊಳಗಿನ ಕಡತ ಸಾಗಣೆಗಷ್ಟೇ ನೆಟ್‌ವರ್ಕ್ ಇರಲಿ, ರೂಟರ್‌ನ ಪೇರೆಂಟಲ್ ಕಂಟ್ರೋಲ್‌ನಲ್ಲಿ ಅದಕ್ಕೆ ಇಂಟರ್ನೆಟ್ ಬಂದ್ ಮಾಡಬಹುದು. ಈ ತಡೆ ಮ್ಯಾಕ್ ವಿಳಾಸದ ಮೇಲೆ ನಡೆಯುವುದರಿಂದ ರಿಪೀಟರ್‌ಗೆ ಆ ಯಂತ್ರವೊಂದೇ ಜೋಡಿಸಿರಬೇಕು.

ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿ: ತಗಡಿನ ಶೆಡ್ಡು, ಚೀಲಗಳ ಗೋಡೆ, ಧೂಳು. ಸೀಸನ್‌ನಲ್ಲಿ ಚೀಲ ಪೇರಿಸಿದಂತೆ ಸಿಗ್ನಲ್ ಬದಲಾಗುತ್ತದೆ. ಬಿಲ್ಲಿಂಗ್ ಕಂಪ್ಯೂಟರ್‌ಗೆ ಕೇಬಲ್ಲೇ ಹಾಕಿಸಿ, ಶೆಡ್ಡಿನ ಕೆಳಗೆ ಪೈಪಿನೊಳಗೆ ಎಳೆಸಿದರೆ ಇಲಿ ಕಡಿಯುವುದಿಲ್ಲ.

ಹುಬ್ಬಳ್ಳಿಯ ಎರಡು ಮಹಡಿ ಮನೆ, ಮೇಲೆ ಮನೆಯಿಂದಲೇ ಕಚೇರಿ ಕೆಲಸ: ದಿನವಿಡೀ ವಿಡಿಯೊ ಸಭೆ ಇರುವವರಿಗೆ ವೇಗಕ್ಕಿಂತ ತಡೆಯಿಲ್ಲದ ಹರಿವು ಮುಖ್ಯ. ಮೆಟ್ಟಿಲ ಬಳಿಯಿಂದ ಕೇಬಲ್ ಹತ್ತಿಸಿ. ಆಗದಿದ್ದರೆ ಮೆಟ್ಟಿಲ ತಿರುವಿನಲ್ಲಿ 5 ಗಿಗಾಹರ್ಟ್ಸ್‌ಗೆ ಸೇರಿದ ಗಿಗಾಬಿಟ್ ಪೋರ್ಟಿನ ರಿಪೀಟರ್.

ಹಾಕಿದ ಮೇಲೆ ಪರೀಕ್ಷೆ

ಬರೀ ಸ್ಪೀಡ್ ಟೆಸ್ಟ್ ನಂಬಬೇಡಿ, ಅದರಲ್ಲಿ ಇಂಟರ್ನೆಟ್ ಕಂಪನಿಯ ಏರುಪೇರೂ ಸೇರಿರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ನ ವಿಳಾಸಕ್ಕೆ -t ಸೇರಿಸಿ ಪಿಂಗ್ ಮಾಡಿ (ping 192.168.1.1 -t ಎಂಬಂತೆ; ರೂಟರ್‌ನಿಂದ ಉತ್ತರ ಬರಲು ಎಷ್ಟು ಹೊತ್ತು ಬೇಕೆಂದು ಇದು ತೋರಿಸುತ್ತದೆ), ಹತ್ತು ನಿಮಿಷ ಓಡಲು ಬಿಟ್ಟು ಕಂಟ್ರೋಲ್-ಸಿ ಒತ್ತಿ. ಕೇಬಲ್‌ನಲ್ಲಿ 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ, ಒಳ್ಳೆಯ ವೈಫೈನಲ್ಲಿ 2ರಿಂದ 10 ಬರಬೇಕು. ಆಗೀಗ 30-40ಕ್ಕೆ ಹಾರಿದರೆ ಚಿಂತೆಯಿಲ್ಲ. ಪದೇಪದೇ 100 ದಾಟಿದರೆ, ಅಥವಾ ಕೊನೆಯ ಲೆಕ್ಕದಲ್ಲಿ ಲಾಸ್ಟ್ ಎಂಬ ಕಡೆ ಶೇಕಡಾ 1ಕ್ಕಿಂತ ಹೆಚ್ಚು ಬಂದರೆ, ಡೋಂಗಲ್ ಅಥವಾ ರಿಪೀಟರನ್ನು ಒಂದು ಅಡಿ ಸರಿಸಿ ಮತ್ತೆ ಓಡಿಸಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಗೋಡೆಗೆ ಬಡಿದು ಮರಳಿದ ಅಲೆಗಳು ಒಂದು ಜಾಗದಲ್ಲಿ ಒಂದನ್ನೊಂದು ಅಳಿಸಿ, ಗೇಣುದ್ದ ಆಚೆಗೆ ಒಂದನ್ನೊಂದು ಬಲಪಡಿಸುತ್ತವೆ, ಆದ್ದರಿಂದ ಅಷ್ಟು ಸರಿಸಿದರೂ ಗುಣ ಕಾಣಬಹುದು. ಪಿಂಗ್ ಸರಿಯಾಗಿ ಬರುವ ಜಾಗ ಸಿಕ್ಕಿದ ಮೇಲೆ ಕೇಬಲ್‌ಗೆ ಕ್ಲಿಪ್ ಹೊಡೆಯಿರಿ. ಡೋಂಗಲ್ ಹಾಕಿದವರು ಅದರ ಡ್ರೈವರ್ ಕಡತವನ್ನು ಸಿ ಡ್ರೈವ್ ಬಿಟ್ಟು ಬೇರೆ ಡ್ರೈವ್‌ನಲ್ಲೂ ಒಂದು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ, ಮುಂದೆ ವಿಂಡೋಸ್ ಹೊಸದಾಗಿ ಹಾಕಿಸಿದ ದಿನ ಅದು ಬೇಕಾಗುತ್ತದೆ.